ಬಳೇಪೇಟೆಯ ಬೀದಿಗಳಲ್ಲಿ

ಮಾರ್ಸೇಲ್ಸ್, ಅಲೆಕ್ಸಾಂಡ್ರಿಯಾ ಮೊದಲಾದ ಮೆಡಿಟರೇನಿಯನ್ ರೇವುಪಟ್ಟಣಗಳಿಗೆ ಹೋಗುವ ಯಾತ್ರಿಕರು ಹಳೆಯ ಬಂದರಿನ ಹಿಂದಣ ಓಣಿಗಳನ್ನು ಅರಸುವರು. ಸರಕು ಇಳಿದ ಕಡೆಯಲ್ಲಿಯೇ ಊರಿನ ಜೀವ ಇರುವುದಷ್ಟೆ. ನಮ್ಮ ಬೆಂಗಳೂರಿಗೆ ಕಡಲಿಲ್ಲ. ನಾಲ್ಕು ದಿಕ್ಕಿನ ಎತ್ತಿನ ಗಾಡಿಗಳು ಬಂದು ನಿಲ್ಲುತ್ತಿದ್ದ ಪೇಟೆಯೇ ಅದರ ಬಂದರು.

ಹಿರಿಯ ಕೆಂಪೇಗೌಡರು 1537ರಲ್ಲಿ ನೆಲೆಗೊಳಿಸಿದ ಈ ಪೇಟೆಗೆ ಹಲಸೂರು, ಸೊಂಡೆಕೊಪ್ಪ, ಯಲಹಂಕ, ಆನೇಕಲ್ಲುಗಳ ಹೆಸರಿನ ಬಾಗಿಲುಗಳಿದ್ದವು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ದೊಡ್ಡಪೇಟೆಯನ್ನು ಇಂದು ಅವೆನ್ಯೂ ರಸ್ತೆ ಎನ್ನುವರು. ಸುತ್ತಲೂ ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಬಳೇಪೇಟೆ. ಅರಸರ ಹೆಸರಲ್ಲ, ಕಾಯಕದ ಹೆಸರೇ ಬೀದಿಗೆ ಸಂದಿದೆ.

ಪರಊರಿನಿಂದ ಬರುವವರಿಗೆ ಹಾದಿ ಸುಲಭ. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿದ್ದ ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ನಡೆದೇ ಬರಬಹುದು. 2017ರ ಜೂನ್‌ನಲ್ಲಿ ಆರಂಭವಾದ ಚಿಕ್ಕಪೇಟೆಯ ನೆಲದಡಿಯ ಮೆಟ್ರೊ ನಿಲ್ದಾಣದಿಂದ ವೃದ್ಧರಿಗೂ ಅನುಕೂಲವಾಗಿದೆ. ಸ್ವಂತ ಕಾರನ್ನು ಮಾತ್ರ ತರಬಾರದು; ನಿಲ್ಲಿಸಲು ಎಡೆಯಿಲ್ಲ. ಜವಳಿ ಕೊಳ್ಳುವವರು ಅಂಗಡಿ ತೆರೆಯುವ ಹೊತ್ತಿಗೇ ಬಂದರೆ ನೂಕುನುಗ್ಗಲು ತಪ್ಪುವುದು.

ಕಳೆದ ವರ್ಷ ಭಕ್ತರ ಮನೆಯೊಂದರ ಮದುವೆಯ ಜವಳಿಗಾಗಿ ನಾವೂ ಜೊತೆಗೆ ಹೋಗಿದ್ದೆವು. ರೇಷ್ಮೆ ಸೀರೆಯ ಅಂಗಡಿಗಳ ನಡುವೆ ವೀಣೆ, ತಬಲ, ಹಾರ್ಮೋನಿಯಂಗಳ ಅಂಗಡಿಗಳು. ವಾದ್ಯಗಳಿಗೆ ಬಳೇಪೇಟೆ ಇಂದಿಗೂ ಹೆಸರುವಾಸಿ. ಒಬ್ಬ ಮುದುಕರು ಹಳೆಯ ತಬಲದ ಬಾರುಗಳನ್ನು ಬಿಗಿದು, ಕಿವಿಗೊಟ್ಟು ನೋಡಿ, ಮತ್ತೆ ಬಿಗಿಯುತ್ತಿದ್ದರು. “ಮಗ ಈ ಕೆಲಸಕ್ಕೆ ಬರಲಿಲ್ಲ ಬುದ್ಧೀ, ನನ್ನ ಕೈ ನಡೆಯುವವರೆಗೆ ಇದು” ಎಂದರು. ಮಾಡಿನ ಹಂಚಿನ ಮನೆಗಳು ಉರುಳಿ ಬಹುಮಹಡಿ ಕಟ್ಟಡಗಳು ಏಳುತ್ತಿರುವುದನ್ನು ಎಲ್ಲರೂ ಕಾಣುವರು. ಕೈಯೊಳಗಿನ ವಿದ್ಯೆ ಅಳಿಯುವುದು ಯಾರ ಕಣ್ಣಿಗೂ ಬೀಳದು.

ಅಷ್ಟರಲ್ಲಿ ತಲೆಯ ಮೇಲೆ ಜವಳಿಯ ಗಂಟು ಹೊತ್ತ ಹಮಾಲಿಯೊಬ್ಬ “ದಾರಿ, ದಾರಿ” ಎಂದು ಕೂಗುತ್ತ ಬಂದ. ನಮ್ಮೊಡನಿದ್ದ ತರುಣ ಬೇಸರಗೊಂಡು ಗೊಣಗಿದ. “ಅಪ್ಪಾ, ನಿನ್ನ ತಂಗಿಯ ಧಾರೆಯ ಸೀರೆಯೂ ಇಂಥ ತಲೆಯ ಮೇಲೆಯೇ ಬಂದದ್ದು” ಎಂದೆವು. ಅವನು ಸುಮ್ಮನೆ ಸರಿದು ನಿಂತ.

ವ್ಯಾಪಾರದಲ್ಲಿ ಗಳಿಸಿದ್ದನ್ನು ಯಾತ್ರಿಕರ ಧರ್ಮಛತ್ರಕ್ಕೂ ವಿದ್ಯಾರ್ಥಿಗಳ ಅನ್ನಕ್ಕೂ ವಿನಿಯೋಗಿಸಿದ ಗುಬ್ಬಿ ತೋಟದಪ್ಪನವರ ಊರಿದು. ಇಲ್ಲಿ ಬರುವ ಬಂಧುಗಳು ಸೀರೆಯ ಬೆಲೆಯಲ್ಲಿ ಚೌಕಾಸಿ ಮಾಡಲಿ. ಹೊರೆ ಹೊತ್ತವನ ಕೂಲಿಯಲ್ಲಿ ಮಾಡದಿರಲಿ. ಮಕ್ಕಳನ್ನು ಕರೆತಂದು ಒಂದು ಬೀದಿಯನ್ನಾದರೂ ನಡೆಸಿ, ಅದರ ಹೆಸರಿನ ಅರ್ಥವನ್ನು ತಿಳಿಸಲಿ.