ಮೂತಿ ಮೇಲೆತ್ತಿದ ಹಡಗು

ಮುಂಬಯಿ ಕನ್ನಡಿಗರಿಗೆ ‘ವಿಕ್ರಾಂತ’ ಹೊಸ ಹೆಸರಲ್ಲ. 1997ರಲ್ಲಿ ನಿವೃತ್ತವಾದ ಈ ವಿಮಾನವಾಹಕ ಹಡಗು ಕೆಲವು ವರ್ಷ ಇಲ್ಲಿಯೇ ವಸ್ತುಸಂಗ್ರಹಾಲಯವಾಗಿತ್ತು. ಕೊನೆಗೆ 2014ರಲ್ಲಿ ನಮ್ಮ ಮಾಟುಂಗಕ್ಕೆ ದೂರವಲ್ಲದ ದಾರುಖಾನದಲ್ಲಿ ಗುಜರಿಯವರ ಕೈ ಸೇರಿತು.

ಈಚೆಗೆ ಮನೆಗೆ ಬಂದಿದ್ದ ಕಾರವಾರದ ಸೋದರಮಾವ ಕೇಳಿದರು: “ತಮ್ಮಾ, ನಮ್ಮಲ್ಲಿಗೆ ಬರುವ ವಿಕ್ರಮಾದಿತ್ಯದ ಮೂತಿ ಯಾಕೆ ಮೇಲಕ್ಕೆ ಬಾಗಿದೆ? ಅಮೆರಿಕದವರದು ಸಪಾಟಾಗಿದೆಯಲ್ಲ! ನಮ್ಮದು ಅಗ್ಗದ್ದೋ?” ಬಿ.ಎಸ್‌ಸಿ. ಓದಿ ದಿನವೆಲ್ಲ ಕಡತ ತಿರುವುವ ಗುಮಾಸ್ತನಿಗೆ ಇಂಥ ಪ್ರಶ್ನೆಯೆಂದರೆ ಹಬ್ಬದೂಟ.

ವಿಮಾನ ಏರಬೇಕಾದರೆ ಉದ್ದಕ್ಕೆ ಓಡಬೇಕು. ಹಡಗಿನ ಮೇಲೆ ಅಷ್ಟು ಜಾಗವೆಲ್ಲಿ? 1961ರಲ್ಲಿ ನೌಕಾಪಡೆಗೆ ಸೇರಿದ ಹಳೆಯ ವಿಕ್ರಾಂತದಲ್ಲಿ ಉಗಿಯ ಕವಣೆಯಿತ್ತು. ಹಡಗನ್ನು ನಡೆಸುವ ಬಾಯ್ಲರುಗಳ ಉಗಿಯೇ ವಿಮಾನವನ್ನೂ ಎಸೆಯುತ್ತಿತ್ತು. ಒಂದೇ ಒಲೆಯ ಮೇಲೆ ಅನ್ನವೂ ಸಾರೂ ಬೆಂದಂತೆ. ಒಲೆ ಕೆಟ್ಟರೆ ಎರಡಕ್ಕೂ ತೊಂದರೆ. 1971ರ ಯುದ್ಧದ ಹೊತ್ತಿಗೆ ಅದರ ಒಂದು ಬಾಯ್ಲರು ಕೆಟ್ಟು ವೇಗ ತಗ್ಗಿತ್ತು. ಹಡಗು ಗಾಳಿಗೆದುರಾಗಿ ವೇಗವಾಗಿ ಓಡಿದಷ್ಟೂ ವಿಮಾನ ಏರುವುದು ಸುಲಭ, ಅದಕ್ಕೇ ಕುತ್ತು. ಆದರೂ ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರಿನ ಮೇಲೆ ಎರಗಿದವು.

ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇವೆಗೆ ಸೇರಿಸಿದ ಹೊಸ ವಿಕ್ರಾಂತಕ್ಕೆ ನಾಲ್ಕು ಗ್ಯಾಸ್ ಟರ್ಬೈನುಗಳು. ಅವು ಬೇಗ ಚಾಲೂ ಆಗುತ್ತವೆ. ಆದರೆ ಕವಣೆಗೆ ಬೇಕಾದ ಉಗಿ ಕೊಡುವ ಬಾಯ್ಲರು ಅದರಲ್ಲಿಲ್ಲ. ಆದ್ದರಿಂದ ಏರುಮೂತಿ. ವಿಕ್ರಮಾದಿತ್ಯದಲ್ಲಿ ಬಾಯ್ಲರುಗಳಿವೆ, ಕವಣೆಯಿಲ್ಲ. ಅದು ಸೋವಿಯತ್ ಕಾಲದಲ್ಲಿ ನೆಟ್ಟಗೆ ಮೇಲೇಳುವ ವಿಮಾನಗಳಿಗಾಗಿ ಕಟ್ಟಿದ ಹಡಗು. ನಮಗಾಗಿ ಮಾರ್ಪಡಿಸುವಾಗ ಅದಕ್ಕೆ ಈ ಮೂತಿ ಕೂಡಿಸಿದರು.

ಏರುಮೂತಿಯಲ್ಲಿ ತಿರುಗುವ ಯಂತ್ರವಿಲ್ಲ, ಕೆಡುವ ಭಯವಿಲ್ಲ. ಆದರೆ ವಿಮಾನ ತನ್ನ ಬಲದಿಂದಲೇ ಏರಬೇಕಾದ್ದರಿಂದ ಇಂಧನವನ್ನೋ ಆಯುಧವನ್ನೋ ಕಡಿಮೆ ಹೊರಬೇಕಾಗುತ್ತದೆ. ದೂರದಿಂದಲೇ ಶತ್ರುವನ್ನು ಕಾಣುವ ಭಾರಿ ರೇಡಾರ್ ವಿಮಾನವನ್ನೂ ಇದರ ಮೇಲಿಂದ ಹಾರಿಸುವುದು ಕಷ್ಟ, ಹೆಲಿಕಾಪ್ಟರಿನಲ್ಲೇ ತೃಪ್ತಿಪಡಬೇಕು. ಅಮೆರಿಕದ ‘ಜೆರಾಲ್ಡ್ ಫೋರ್ಡ್’ ಹಡಗಿಗೆ ವಿದ್ಯುತ್ ಕವಣೆಯಿದೆ. ಅದರ ಹೊಟ್ಟೆಯಲ್ಲಿ ಎರಡು ಅಣುಸ್ಥಾವರಗಳೂ ಇವೆ.

ಹಾಗಾಗಿ ಮಾವನಿಗೆ ಹೇಳಿದೆ: ಕೇವಲ ಅಗ್ಗ, ದುಬಾರಿಯ ಮಾತಲ್ಲ, ಯಾವುದಕ್ಕಾಗಿ ಯಾವುದನ್ನು ಬಿಟ್ಟುಕೊಟ್ಟೆವು ಎಂಬ ಲೆಕ್ಕ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದವು. ಅವರು ಬಿಟ್ಟ ನೆಲದಂಚಿಗೆ ಬಂದು ನಿಲ್ಲುವ ಹಡಗಿನ ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಅದನ್ನು ಅವರ ಮಾತಿನಲ್ಲೇ ತಿಳಿಸಿ ಹೇಳುವುದು ಊರು ಬಿಟ್ಟು ಬಂದು ನಾಲ್ಕಕ್ಷರ ಕಲಿತ ನಮ್ಮಂಥವರ ಕೆಲಸ.