ಶ್ರೀಶೈಲದಿಂದ ಆಲಂಪುರಕ್ಕೆ

ಯುಗಾದಿಯ ಸುಮಾರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ಸೀಮೆಗಳಿಂದ ಸಹಸ್ರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ತೆರಳುವುದು ವಾಚಕ ಬಾಂಧವರಿಗೆ ವಿದಿತವೇ ಆಗಿದೆ. ತಮ್ಮಲ್ಲಿ ಅನೇಕರು ಸ್ವತಃ ನಡೆದವರೂ ಇದ್ದೀರಿ. ಹೋಗುವ ದಾರಿಯನ್ನು ಎಲ್ಲರೂ ವರ್ಣಿಸುತ್ತಾರೆ. ಮರಳುವ ದಾರಿಯನ್ನು ಕುರಿತು ಬರೆದವರು ವಿರಳ. ಹದಿನೈದು ದಿನ ನಡೆದ ದೇಹವನ್ನು ಬಸ್ಸಿನಲ್ಲಿ ಕೂರಿಸಿ ಮನೆಗೆ ತಂದೊಪ್ಪಿಸುವುದರಲ್ಲಿ ಬರೆಯುವಂಥದು ಏನಿದ್ದೀತೆಂದು ತಾವು ಕೇಳಬಹುದು. ನಾನು ಬರೆಯಹೊರಟಿರುವುದು ಅದನ್ನೇ.

ಆತ್ಮಕೂರು ದಾಟಿ ವೆಂಕಟಾಪುರದಿಂದ ಮುಂದೆ ನಲ್ಲಮಲದ ಅರಣ್ಯ. ನಾಗಲೂಟಿ, ಪೆಚ್ಚೆರುವು ಕಳೆದು ಭೀಮನಕೊಳ್ಳಕ್ಕಿಳಿದವನಿಗೆ ಕೈಲಾಸದ್ವಾರದ ಏರು ಎದುರಾಗುತ್ತದೆ. ಅಲ್ಲಿ ನನ್ನ ಮೊಣಕಾಲು ಮುಂದಡಿಯಿಡಲು ಒಪ್ಪದೆ ಬಂಡೆಯ ಮೇಲೆ ಕುಳಿತೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ತಮ್ಮ ಕೋಲನ್ನು ನನ್ನ ಕೈಗಿತ್ತು, “ಏಳ್ರಿ, ಕುಂತ್ರ ಕಾಲು ಬಿಗೀತಾವು,” ಎಂದರು. ಕೋಲನ್ನು ಹಿಂದಿರುಗಿಸುವ ನೆಪದಲ್ಲಿ ಶ್ರೀಶೈಲದವರೆಗೂ ಜೊತೆಯಾದೆವು. ನಾನು ನಿವೃತ್ತ ಶಿಕ್ಷಕನೆಂದು ತಿಳಿದ ಮೇಲೆ ಅವರಿಗೆ ನಾನು ‘ಮಾಸ್ತರ’; ನನಗೆ ಅವರು ‘ಕಾಕಾ’. ಬೀಳಗಿ ತಾಲೂಕಿನ ರೈತರು. ಹೆಚ್ಚಿನ ವಿಚಾರಣೆ ಇಬ್ಬರಿಗೂ ಬೇಕಾಗಲಿಲ್ಲ. ನಡೆಯುವವರ ಸ್ನೇಹಕ್ಕೆ ಅಷ್ಟೇ ಸಾಕು.

ಮಲ್ಲಿಕಾರ್ಜುನನ ದರ್ಶನವಾಯಿತು. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೇ ಭಾವಿಸುವ ನಮ್ಮ ಕಡೆಯ ತಾಯಂದಿರು ತಂದ ಸೀರೆ-ಕುಪ್ಪಸಗಳನ್ನೊಪ್ಪಿಸಿ ಕಣ್ಣೊರೆಸಿಕೊಂಡರು. ಮರುದಿನ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದಾಗ, ಕಾಲ ಕಳೆಯಲೆಂದು ನಾನು ಆಲಂಪುರದ ಮಾತೆತ್ತಿದೆ. ಕೃಷ್ಣಾ-ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿ ಪುರಾತನ ಸಂಗಮೇಶ್ವರ ದೇವಾಲಯವಿದ್ದಿತು; ಶ್ರೀಶೈಲ ಜಲಾಶಯದ ನೀರು ಏರಲಿದ್ದುದರಿಂದ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಸಾಗಿಸಿ ಮರಳಿ ಕಟ್ಟಿದರು, ಎಂದೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಗುಡಿ ಎತ್ತಿ ಇಟ್ಟಾರ ಅಂದ್ರ ದೇವ್ರು ಬಂದಾನೋ ಇಲ್ಲೋ, ನೋಡ್ಕೊಂಡು ಹೋಗೂಣೇನ್ರಿ ಮಾಸ್ತರ?” ಎಂದರು. ನಮ್ಮ ಬಸ್ಸು ಬಂದಿತು, ಹೋಯಿತು. ನಾವು ಕರ್ನೂಲಿನ ಬಸ್ಸು ಹತ್ತಿದೆವು.

ಪಾದಯಾತ್ರೆ ಮುಗಿಸಿದವನಿಗೆ ಬಸ್ಸಿನ ವೇಗವು ಒಂದು ಬಗೆಯ ಅವಮರ್ಯಾದೆಯಂತೆ ತೋರುತ್ತದೆ. ಆತ್ಮಕೂರಿನಲ್ಲಿ ನಮಗೆ ಮಜ್ಜಿಗೆಯಿತ್ತವರ ಚಪ್ಪರ ಕಿಟಕಿಯಲ್ಲಿ ಕ್ಷಣಮಾತ್ರ ಕಂಡಿತು. ಕಾಕಾ ಕೈಜೋಡಿಸುವಷ್ಟರಲ್ಲಿ ಅದು ಹಿಂದೆ ಉಳಿದುಹೋಗಿತ್ತು.

ಕರ್ನೂಲಿನಲ್ಲಿ ರಾತ್ರಿ ಕಳೆದು, ಮುಂಜಾನೆ ತುಂಗಭದ್ರೆಯನ್ನು ದಾಟಿ ತೆಲಂಗಾಣದ ಆಲಂಪುರ ಸೇರಿದೆವು. ಏಳು-ಎಂಟನೆಯ ಶತಮಾನಗಳಲ್ಲಿ ಬಾದಾಮಿ ಚಾಲುಕ್ಯರ ಕಾಲದಲ್ಲಿ ನಿರ್ಮಾಣಗೊಂಡ ನವಬ್ರಹ್ಮ ದೇವಾಲಯಗಳು ಅಲ್ಲಿವೆ; ಕಲೆಯಲ್ಲಿ ಆಸಕ್ತರಾದವರಿಗೆ ಒಂದು ದಿನವೂ ಸಾಲದು. “ನಮ್ಮ ಬಾದಾಮಿಯವರ ಕೈಗೆಲಸ ಇಲ್ಲಿತನಕ ಬಂದೈತಿ ಅನ್ರಿ,” ಎಂದು ಕಾಕಾ ಮೆಚ್ಚಿದರಾದರೂ ಅಲ್ಲಿ ನಿಲ್ಲಲಿಲ್ಲ. ಅವರಿಗೆ ಬೇಕಾಗಿದ್ದುದು ಸಂಗಮೇಶ್ವರ.

ದೇವಾಲಯವನ್ನು ಅವರು ಮೂರು ಸಲ ಸುತ್ತಿದರು. ಭಕ್ತಿಯ ಪ್ರದಕ್ಷಿಣೆ ಅದಾಗಿರಲಿಲ್ಲ. ಮನೆ ಕಟ್ಟಿ ಬಲ್ಲ ಒಕ್ಕಲಿಗನ ಪರೀಕ್ಷೆ. ಕಲ್ಲುಗಳ ಸಂದಿಯಲ್ಲಿ ಉಗುರಾಡಿಸಿದರು, ಅಧಿಷ್ಠಾನದ ಮೇಲೆ ಅಂಗೈಯಿಟ್ಟರು. ಕೊನೆಗೆ, “ಕಲ್ಲು ಖರೇನ ಅವ. ಸಂಗಮ ಎಲ್ಲೈತ್ರಿ?” ಎಂದು ಕೇಳಿದರು. ನಾನು ನದಿಗಳು ಕೂಡುವ ದಿಕ್ಕಿಗೆ ಕೈ ತೋರಿದೆ. ಅವರು ಆ ಕಡೆ ನೋಡಲಿಲ್ಲ. ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಅವರ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆಯೆಂಬುದು ಆಗ ತಿಳಿಯಿತು. ಜನ ಬಾಗಿಲು, ತೊಲೆ, ಜಂತಿಗಳನ್ನು ಬಿಚ್ಚಿ ಗಾಡಿಗೇರಿಸಿದರಂತೆ. ದೇವರನ್ನು ಪುನರ್ವಸತಿ ಕೇಂದ್ರಕ್ಕೆ ಭಜನೆಯೊಡನೆ ತಂದು ಸಿಮೆಂಟಿನ ಗುಡಿಯಲ್ಲಿ ಕೂರಿಸಿದರು. ಹಳೆಯ ಗುಡಿಯ ಕಲ್ಲುಗಳು ನೀರಿನಡಿಯೇ ಉಳಿದವು. ಅಂದಿನಿಂದ ಕಾಕಾ ವರ್ಷವರ್ಷವೂ 400 ಕಿಲೋಮೀಟರು ನಡೆದು ಮಲ್ಲಯ್ಯನನ್ನು ಕಾಣುತ್ತಾರೆ; ಮನೆಯೆದುರಿನ ಆ ಗುಡಿಯ ಹೊಸ್ತಿಲನ್ನು ಮಾತ್ರ ಒಮ್ಮೆಯೂ ತುಳಿದಿಲ್ಲ. ದೀಪ ಹಚ್ಚಲು ಸೊಸೆ ಹೋಗುತ್ತಾಳೆ.

“ಇಲ್ಲಿ ಗುಡಿ ಬಂತು, ಹೊಳಿ ಬರಲಿಲ್ಲ. ನಮ್ಮಲ್ಲಿ ಹೊಳೀನ ಬಂತು,” ಎಂದರು.

ಮಠದ ಪ್ರಸಾದನಿಲಯದಲ್ಲಿ ಬೆಳೆದವರಿಗೆ ಇಂಥಲ್ಲಿ ಸ್ಥಾವರ-ಜಂಗಮದ ವಿಚಾರ ತಾನಾಗಿಯೇ ನೆನಪಾಗುತ್ತದೆ. ನನಗೂ ಅದು ನಾಲಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಊರು ಮುಳುಗಿದವರೆದುರು ಆ ಮಾತನ್ನಾಡಲು ಊರು ಉಳಿದವನಿಗೆ ಅಧಿಕಾರ ಸಾಲದು. ಬುತ್ತಿಯಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಬಿಸಿಲೇರುವ ತನಕ ಅಲ್ಲಿಯೇ ಇದ್ದೆವು.

ಗದ್ವಾಲಿನ ಮೇಲೆ ರಾಯಚೂರು ತಲುಪಿದಾಗ ಸಂಜೆಯಾಗಿತ್ತು. ಅಲ್ಲಿಂದ ನಮ್ಮ ದಾರಿಗಳು ಬೇರೆ. ಕಾಕಾ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗಂಟು ಬಿಚ್ಚಿ ಶ್ರೀಶೈಲದ ವಿಭೂತಿಯಲ್ಲಿ ನನಗೊಂದು ಪಾಲು ಕೊಟ್ಟರು. ತೆಂಗಿನಕಾಯಿಯ ಎರಡು ಹೋಳುಗಳಲ್ಲಿ ಒಂದನ್ನು ನನ್ನ ಚೀಲದಲ್ಲಿಟ್ಟು, ಇನ್ನೊಂದನ್ನು ಹೆಗಲ ವಸ್ತ್ರದಲ್ಲಿ ಜೋಪಾನವಾಗಿ ಸುತ್ತುತ್ತ, “ಇದು ನಮ್ಮೂರ ಗುಡೀಗೆ,” ಎಂದರು. ಯಾವ ಗುಡಿಯೆಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಲಿಂಗಸುಗೂರಿನ ಮೇಲೆ ಹೋಗುವ ಅವರ ಬಸ್ಸು ಬಂದಿತು.