ಎಷ್ಟು ಹಾಕಿದ್ದೆ ಮಗಾ?

ಕಿತ್ತಳೆ ಸಿಪ್ಪೆಯನ್ನು ಬೆಂಕಿಗೆ ಹಿಂಡಿದರೆ ಚಟಪಟ ಕಿಡಿ ಹಾರುತ್ತದಲ್ಲ, ಅದು ಸಿಪ್ಪೆಯೊಳಗಿನ ಎಣ್ಣೆಯ ಆಟ. ಆ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಲಿಮೋನೀನ್. ಇದನ್ನು ನೊಣಗಳಿಗೆ ಉಣ್ಣಿಸಿದ ಕಥೆ ಹೇಳ್ತೀನಿ, ಇನ್ನೊಂದು ತೆಂಗಿನ ಮಟ್ಟೆ ಒಲೆಗೆ ತಳ್ಳಿ.

ಆಗ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿ. ಹಿಂದಿನ ಪ್ರಾಧ್ಯಾಪಕ ಎಂ. ಆರ್. ರಾಜಶೇಖರಸೆಟ್ಟಿಯವರ ಕಾಲದಿಂದಲೂ ಆ ವಿಭಾಗಕ್ಕೆ ಡ್ರಾಸೊಫಿಲಾ ನೊಣ ಮನೆದೇವರಿದ್ದ ಹಾಗೆ. ಅದಕ್ಕೆ ದಿನವೂ ಅಡುಗೆ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್, ಬೂಸ್ಟು ಹಿಡಿಯದಿರಲಿ ಅಂತ 7.5 ಮಿಲಿ ಪ್ರೊಪಿಯಾನಿಕ್ ಆಮ್ಲ. ಆಮ್ಲ ಬೀಳುವವರೆಗೆ ಹಾಸ್ಟೆಲ್ ತಿಂಡಿಗಿಂತ ಅದೇ ಘಮ್ಮೆನ್ನುತ್ತಿತ್ತು.

ಸಂಕ್ರಾಂತಿ ರಜೆ ಬಂತು. "ರಜೆ ನಿನಗೆ, ನೊಣಕ್ಕಲ್ಲ" ಅಂದರು ಮೇಷ್ಟ್ರು. ಬಾಯಿಗೆ ಹತ್ತಿ ತುರುಕಿದ ಬಾಟಲಿಗಳನ್ನು ತೊಡೆ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕೊರಟಗೆರೆ ದಾಟಿದ ಮೇಲೆ ಕಂಡಕ್ಟರು ಬಗ್ಗಿ ನೋಡಿ, "ಇವಕ್ಕೆ ಅರ್ಧ ಟಿಕೆಟ್ಟೋ, ಪೂರ್ತಿನೋ?" ಅಂದ.

ಮಧುಗಿರಿಯ ಮನೆಯಲ್ಲಿ ಆ ಹೊತ್ತಿಗೆ ನೆಂಟರು ತುಂಬಿದ್ದರು. ಶಿರಾದಲ್ಲಿ ಮಾವಿನ ತೋಟವಿದ್ದ ಮಾವನಿಗೆ ಬಾಟಲಿ ನೋಡಿ ಸಿಟ್ಟೇ ಬಂತು. "ಇದನ್ನ ಕೊಲ್ಲೋಕೆ ನಾವು ದುಡ್ಡು ಸುರೀತೀವಿ, ನೀನು ಬೆಲ್ಲ ಹಾಕಿ ಸಾಕ್ತೀಯಲ್ಲೋ!" ಅವರು ಹೇಳಿದ್ದು ಬೇರೆ ನೊಣ. ಮಾವಿನ ನೊಣ ಗಟ್ಟಿ ಕಾಯನ್ನೇ ಚುಚ್ಚಿ ಮೊಟ್ಟೆಯಿಡುತ್ತದೆ. ನನ್ನದು ಪಾಪದ್ದು, ಕೊಳೆತು ಹುಳಿ ಬಂದ ಹಣ್ಣಿನ ಯೀಸ್ಟಿಗೆ ಬರುವುದು. ಎರಡಕ್ಕೂ ಹಣ್ಣು ನೊಣ ಅಂತಲೇ ಕರೆದು ಜಗಳ ಹಚ್ಚಿದ್ದಾರೆ.

ಜಗಲಿ ಮೇಲೆ ಬಾಟಲಿ ಸಾಲಾಗಿಟ್ಟೆ. ಒಂದರಲ್ಲಿ ಬರೀ ಬೆಲ್ಲ-ರವೆ, ಒಂದರಲ್ಲಿ ಸಿಪ್ಪೆ ಎಣ್ಣೆ ಚೂರೇ ಚೂರು, ಇನ್ನೊಂದರಲ್ಲಿ ಧಾರಾಳ. 25 ಡಿಗ್ರಿಯಲ್ಲಾದರೆ ಮೊಟ್ಟೆ ನೊಣವಾಗಲು ಹತ್ತು ದಿನ ಸಾಕು. ನಮ್ಮ ಮಾಗಿಯ ಚಳಿಗೆ ಇನ್ನೂ ನಿಧಾನ. ಚೂರು ಎಣ್ಣೆಯ ಬಾಟಲಿಗೂ ಬರೀ ಬಾಟಲಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರಲಿಲ್ಲ. ಮರಿಹುಳು ಹರಿದಾಡಿದವು, ಗಾಜಿಗೆ ಕೋಶ ಕಟ್ಟಿದವು. ಧಾರಾಳದ ಬಾಟಲಿಯಲ್ಲಿ ಹುಳುಗಳು ಅನ್ನ ಬಿಟ್ಟು ಗೋಡೆ ಹತ್ತಿ, ಅಲ್ಲೇ ಒಣಗಿದವು.

ಮಾವ ಗೆದ್ದವರ ಹಾಗೆ, "ಹಂಗಾದ್ರೆ ಕಿತ್ತಳೆ ವಿಷ ಅನ್ನು" ಅಂದರು. ಪಾವಗಡದ ಅತ್ತೆ ಅವರೆಕಾಯಿ ಬಿಡಿಸುತ್ತಾ ತಲೆಯೆತ್ತದೆ ಕೇಳಿದರು: "ಎಷ್ಟು ಹಾಕಿದ್ದೆ ಮಗಾ?" ಮನೆಮದ್ದು ಅರೆದು ಪಳಗಿದ ಕೈ ಅವರದು. ಮೈಸೂರಿಗೆ ಮರಳಿದಾಗ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆಯೂ ಅದೇ.

ಇದಾಗಿ ಎಷ್ಟೋ ವರ್ಷದ ಮೇಲೆ, 2013ರಲ್ಲಿ, ಜರ್ಮನಿಯ ಯೇನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಒಂದು ಸೋಜಿಗ ತೋರಿಸಿದರು. ಮೊಟ್ಟೆಯಿಡಲು ಡ್ರಾಸೊಫಿಲಾ ಆರಿಸುವುದು ಕಿತ್ತಳೆಯಂಥ ಹಣ್ಣನ್ನೇ! ಲಿಮೋನೀನಿನಂಥ ವಾಸನೆ ಹಿಡಿಯಲು ಅದರ ಮೀಸೆಯಲ್ಲಿ ಒಂದು ಗ್ರಾಹಕವೇ ಇದೆ. ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಪುಟ್ಟ ಕಣಜಕ್ಕೆ ಕಿತ್ತಳೆಯ ಇನ್ನೊಂದು ಪರಿಮಳ, ವ್ಯಾಲೆನ್ಸೀನ್, ಆಗದು. ಹಣ್ಣಿನಲ್ಲಿರುವಷ್ಟೇ ಇದ್ದರೆ ಈ ಪರಿಮಳಗಳು ತಾಯಿನೊಣಕ್ಕೆ ಆಸರೆ. ಅದೇ ಲಿಮೋನೀನನ್ನು ಭಟ್ಟಿಯಿಳಿಸಿ ಗಟ್ಟಿ ಮಾಡಿದರೆ ಕೀಟನಾಶಕ. ಹಾಗೆ ಮಾರುವವರೂ ಇದ್ದಾರೆ.

ಸಿಪ್ಪೆಪುಡಿ ಸರ್ವರೋಗಕ್ಕೂ ಮದ್ದು ಅಂತ ಯಾರಾದರೂ ಡಬ್ಬಿ ಹಿಡಿದು ಬಂದರೆ, ಒಳ್ಳೇದೋ ಕೆಟ್ಟದ್ದೋ ಅಂತ ಕೇಳಬೇಡಿ. ಎಷ್ಟು, ಯಾರಿಗೆ ಅಂತ ಕೇಳಿ. ನೊಣದ ಮೇಲೆ ನೋಡಿದ ಅಳತೆ ತೋರಿಸಿದರೆ ಡಬ್ಬಿ ವಾಪಸ್ ಕೊಟ್ಟುಬಿಡಿ.